ಸಾಹೇಬರು ಬಂದ ದಿನ

ಬೇಸಿಗೆಯಲ್ಲಿ ಮೊದಲ ಸಲ ಕೂಲರ್ ಹಚ್ಚುವಾಗ ಒಂದು ವಾಸನೆ ಏಳುತ್ತದೆ. ರಾಯಚೂರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳುಗಟ್ಟಲೆ ಒಣಗಿ ಕೂತ ಹುಲ್ಲಿನ ಪರದೆಗಳ ಮೇಲೆ ನೀರು ಬಿದ್ದೊಡನೆ ಬರುವ ವಾಸನೆ. ಅರ್ಧ ಹಸಿ ಮಣ್ಣಿನದು, ಅರ್ಧ ನಿಂತ ನೀರಿನದು. ಎಲ್ಲರಿಗೂ ಅದು ತಂಪಿನ ವಾಸನೆ. ಇವತ್ತು ಬೆಳಿಗ್ಗೆ ನಮ್ಮ ಮನೆಯವರು ಕೂಲರಿಗೆ ನೀರು ಸುರಿಯುತ್ತಿದ್ದರು. ವಾಸನೆ ಅಡುಗೆಮನೆಗೆ ಬಂದದ್ದೇ ತಡ, ನಾನು ಸೌಟು ಹಿಡಿದುಕೊಂಡೇ ಪಡಸಾಲೆಗೆ ಓಡಿಬಂದೆ. ಅವರು ನೀರಿನ ಮೇಲೆ ಬಗ್ಗಿ, ಪಂಪು ತಿರುಗುತ್ತದೆಯೇ ಎಂದು ನೋಡುತ್ತಿದ್ದರು.

“ಏನಾತು?” ಎಂದರು.

“ಏನಿಲ್ಲ. ನೀರು ಎಷ್ಟಾತು ನೋಡಾಕ ಬಂದೆ.”

“ಸೌಟಿಲೆ ಅಳಿಯಾಕೇನು, ಟೀಚರ್ರ?”

ಸೌಟಿನಿಂದ ಬೇಳೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವರು ನಕ್ಕರು. ಅವರು ಯಾವುದಕ್ಕೂ ನಗುವ ಮನುಷ್ಯ. ಒಂದು ವರ್ಷ ನನ್ನ ಸಂಕಟಕ್ಕೆ ಕಾರಣವಾದದ್ದೂ ಆ ನಗುವೇ. ಅದನ್ನು ಹೇಳಲು ಸ್ವಲ್ಪ ಸುತ್ತಿ ಹೋಗಬೇಕಾಗುತ್ತದೆ. ನಿಮಗೆ ಅವಸರವಿಲ್ಲದಿದ್ದರೆ ಜೊತೆಗೆ ಬನ್ನಿ.

ಅವರು ದೇವದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಾನು ಮಾನವಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ರಾಯಚೂರಿನಲ್ಲಿ. ದಿನಾ ಬೆಳಿಗ್ಗೆ ಇಬ್ಬರೂ ಒಂದೇ ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಬಂದು, ಅವರು ಒಂದು ಬಸ್ಸು, ನಾನು ಇನ್ನೊಂದು ಬಸ್ಸು ಹತ್ತುತ್ತಿದ್ದೆವು. ನಮ್ಮ ಸಂಸಾರದ ಮಾತುಗಳೆಲ್ಲ ಆ ನಿಲ್ದಾಣದಲ್ಲೇ ಮುಗಿಯುತ್ತಿದ್ದವು. “ಅವ್ವನ ಗುಳಿಗಿ ತಂದೀರೇನು?” “ಗ್ಯಾಸಿನವಗ ಹೇಳೀಯೇನು?” ಇದಕ್ಕೆ ಉತ್ತರ ಬರುವುದರೊಳಗೆ ಯಾವುದಾದರೊಂದು ಬಸ್ಸು ಹೊರಟುಬಿಡುತ್ತಿತ್ತು. ಸಂಜೆ ಮನೆಗೆ ಬಂದರೆ ಅತ್ತೆಯವರು ಪಡಸಾಲೆಯಲ್ಲಿ ಕೂತಿರುತ್ತಿದ್ದರು. ಒಳ್ಳೆಯ ಹೆಂಗಸು, ಆದರೆ ಅವರ ಎದುರಿಗೆ ಗಂಡನ ಜೊತೆ ಕೂತು ಹರಟುವ ಧೈರ್ಯ ಆ ಕಾಲದ ಸೊಸೆಗೆ ಎಲ್ಲಿಂದ ಬರಬೇಕು?

ಮದುವೆಯಾದ ಹೊಸದರಲ್ಲಿ ಹೈದರಾಬಾದಿನಲ್ಲಿ ನೆಂಟರ ಮದುವೆಗೆ ಹೋಗಿದ್ದೆವು. ಮದುವೆ ಮುಗಿದು, ಮರಳುವ ರೈಲಿಗೆ ಇನ್ನೂ ಇಡೀ ಒಂದು ಹಗಲು ಉಳಿದಿತ್ತು. ಅವರು ಸಂಕೋಚದಿಂದ, ಸಿನೆಮಾಕ್ಕೆ ಕರೆಯುವವರಂತೆ, “ಪ್ರಾಣಿ ನೋಡಾಕ ಹೋಗೋಣೇನು?” ಎಂದು ಕೇಳಿದರು. ಹೋದೆವು. ಜಿರಾಫೆಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಅವರು ಮಾತಾಡಲು ಶುರು ಮಾಡಿದರು ನೋಡಿ, ನನಗೆ ಆಶ್ಚರ್ಯ. ಇಷ್ಟು ಮಾತು ಈ ಮನುಷ್ಯನ ಹೊಟ್ಟೆಯಲ್ಲಿ ಎಲ್ಲಿತ್ತು? ಅಲ್ಲಿ ನಮ್ಮನ್ನು ಬಲ್ಲವರಿಲ್ಲ, ಯಾರೂ ನೀರು ಕೇಳುವುದಿಲ್ಲ, ಬಾಗಿಲು ಬಡಿಯುವುದಿಲ್ಲ. ನೆರಳಿದೆ, ಬೆಂಚಿದೆ, ಎದುರಿಗೆ ನಮ್ಮ ಕಡೆ ಲಕ್ಷ್ಯವೇ ಇಲ್ಲದ ಒಂದು ಪ್ರಾಣಿಯಿದೆ. ಗಂಡಹೆಂಡಿರಿಗೆ ಇನ್ನೇನು ಬೇಕು?

ಅಂದಿನಿಂದ ಅದೇ ರೂಢಿಯಾಯಿತು. ಎಲ್ಲಿಗೇ ಹೋಗಲಿ, ಮದುವೆಗೋ ತರಬೇತಿಗೋ ಆಸ್ಪತ್ರೆಗೋ, ಹಿಂದೆ ಒಂದು ದಿನ ಸೇರಿಸಿಕೊಂಡು ಆ ಊರಿನ ಮೃಗಾಲಯ ಇಲ್ಲವೇ ವಸ್ತುಸಂಗ್ರಹಾಲಯ ನೋಡಿಯೇ ಬರುತ್ತಿದ್ದೆವು. ಮೈಸೂರು, ವಿಜಯಪುರ, ಕಮಲಾಪುರ. ಮಧ್ಯಾಹ್ನಕ್ಕೆ ಕಟ್ಟಿಕೊಂಡ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಅವರು ಪ್ರತಿ ಪ್ರಾಣಿಯಲ್ಲೂ ತಮ್ಮ ಕಚೇರಿಯವರನ್ನು ಕಾಣುತ್ತಿದ್ದರು. “ಘೇಂಡಾಮೃಗ ನೋಡು, ನಮ್ಮ ಹೆಡ್ ಕ್ಲರ್ಕ್. ಸಿಟ್ಟಿಲ್ಲ, ಆದ್ರ ದಾರಿ ಬಿಡಂಗಿಲ್ಲ.” ನನ್ನದು ಇನ್ನೊಂದು ಹುಚ್ಚು. ಯಾವ ಪಂಜರದ ಮುಂದೆ ನಿಂತರೂ ಪಾಠ ಮಾಡದೆ ಇರಲಾರೆ. ಮೈಸೂರಿನಲ್ಲಿ ಹಾವುಗಳ ಮುಂದೆ ಇವರಿಗೆ ವಿಷದ ಹಲ್ಲು ವಿವರಿಸುತ್ತಿದ್ದಾಗ ಹಿಂದೆ ಒಂದು ಗುಂಪೇ ಸೇರಿತ್ತು. ಮುಗಿದ ಮೇಲೆ ಒಬ್ಬರು, “ಮೇಡಂ, ಮುಂದಿನ ಪಂಜರಕ್ಕೂ ನೀವೇ ಬರ್ತೀರಾ?” ಎಂದು ಕೇಳಿದರು. ನಮ್ಮ ಮನೆಯವರು ಗಂಭೀರವಾಗಿ, “ಇಲ್ರೀ, ಇವ್ರು ಬರೇ ಹಾವಿಂದು ನೋಡ್ಕೋತಾರ,” ಎಂದುಬಿಟ್ಟರು.

ಅತ್ತೆಯವರು ಇಂಥ ಜಾಗಗಳಿಗೆಲ್ಲ ಒಂದೇ ಹೆಸರು ಇಟ್ಟಿದ್ದರು: ಅಜಬಖಾನಿ. ನಿಜಾಮರ ಕಾಲದ ಮಾತು, ಅವರ ತಂದೆಯ ಬಾಯಿಂದ ಬಂದದ್ದು. ಹುಲಿಯಿದ್ದರೂ ಅಜಬಖಾನಿ, ಹಳೆಯ ಮಡಕೆಯಿದ್ದರೂ ಅಜಬಖಾನಿ. “ಮಂದಿ ಗಂಡ ಹೆಂಡ್ತಿ ಗುಡಿಗೆ ಹೋಗ್ತಾರ. ನೀವು ಅಜಬಖಾನಿಗೆ ಹೋಗ್ತೀರಿ,” ಎನ್ನುವರು. ಒಮ್ಮೆ ಇವರು, ನಮ್ಮ ಮನೆಯಲ್ಲಿರುವಂಥದೇ ಅಡಕೊತ್ತನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು ಎಂದು ಹೇಳಿದರು. ಅತ್ತೆಯವರು ಕೈಯಲ್ಲಿದ್ದ ಅಡಕೊತ್ತನ್ನು ತಿರುಗಿಸಿ ನೋಡಿ, “ಹಂಗಾದ್ರ ನಾನೂ ಒಂದು ಪೆಟಿಗ್ಯಾಗ ಕುಂದರ್ತೀನಿ ತಗೋ, ನೋಡಾಕ ಬರ್ರಿ,” ಎಂದರು. ಅವರು ಹೋಗಿ ಬಹಳ ವರ್ಷವಾಯಿತು. ಮಾತು ಮಾತ್ರ ನಮ್ಮಲ್ಲಿ ಉಳಿಯಿತು. “ಈ ಸಲ ಯಾವ ಅಜಬಖಾನಿ?” ಎಂದೇ ನಾವೂ ಕೇಳಿಕೊಳ್ಳುವುದು.

ಮರಳುವ ಬಸ್ಸಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಟಿಕೆಟ್ ತೆಗೆದುಕೊಂಡು, ಚಪ್ಪಲಿ ಬಿಚ್ಚಿ, ಕಾಲು ಮೇಲೆ ಮಡಚಿಕೊಂಡು ಅವರು ಕೇಳುತ್ತಿದ್ದರು: “ಇವತ್ತಿಂದು ಯಾವುದು?” ಆ ದಿನ ನೋಡಿದ್ದರಲ್ಲಿ ಮನಸ್ಸಿನಲ್ಲಿ ನಿಂತದ್ದು ಯಾವುದು ಎಂದು ಅದರ ಅರ್ಥ. ನಾನು ಹೇಳಿದ್ದೂ ಅವರು ಅಂದುಕೊಂಡದ್ದೂ ಬಹಳ ಸಲ ಒಂದೇ ಆಗಿರುತ್ತಿತ್ತು. ಮುದಿ ಚಿಂಪಾಂಜಿ ತನ್ನ ಅಂಗೈಯನ್ನು ತಾನೇ ನೋಡಿಕೊಳ್ಳುತ್ತಿದ್ದದ್ದು, ಯಾವುದೋ ರಾಣಿಯ ಬಹಳ ಸಣ್ಣ ಚಪ್ಪಲಿಗಳು. ಜೀವನದಲ್ಲಿ ನಾವು ಹೆಚ್ಚೇನೂ ಗಳಿಸಿಲ್ಲ. ಆದರೆ ಇಬ್ಬರೂ ಕೂಡಿ ನೋಡಿದ್ದು ಬಹಳ ಇದೆ ಎಂಬ ಹೆಮ್ಮೆ ನನಗಿತ್ತು.

ಇಬ್ಬರೂ ನಿವೃತ್ತರಾದ ಮೇಲೆ ಒಂದು ದಿನ ಅವರು, “ದೂರದೂರಿನ ಅಜಬಖಾನಿ ಎಲ್ಲ ಆದ್ವು. ನಾ ದುಡಿದ ತಾಲೂಕಾನೇ ನಿನಗ ತೋರಿಸಿಲ್ಲ,” ಎಂದರು. ಹೌದಲ್ಲವೇ? ಅವರು ಅಷ್ಟು ವರ್ಷ ಹೋಗಿಬಂದ ದಾರಿಯಲ್ಲಿ ನಾನು ಒಂದು ದಿನವೂ ಹೋದವಳಲ್ಲ. ಚಳಿಗಾಲದ ಒಂದು ಬೆಳಿಗ್ಗೆ ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದೆವು. ಹಳೆಯ ಗುಡಿಗಳು, ಶಾಸನದ ಕಲ್ಲುಗಳು, ಕಲ್ಲಿಗೆ ಬೆನ್ನು ತಿಕ್ಕುತ್ತಿದ್ದ ಎಮ್ಮೆ. ಕಾವಲಿಲ್ಲ, ಟಿಕೆಟ್ಟಿಲ್ಲ. “ಇದು ಖರೇ ಅಜಬಖಾನಿ,” ಎಂದು ಇವರು ಸಂತೋಷಪಟ್ಟರು. ಅಲ್ಲಿಂದ ಟಂಟಂ ಹಿಡಿದು ಕೃಷ್ಣೆಯ ದಂಡೆಯ ಒಂದು ಹಳ್ಳಿಗೆ ಹೋದೆವು. ಹೊಳೆಗೆ ಹೋಗಿ ಕಾಲು ತೊಳೆದು, ತಲೆಗೆ ನೀರು ಚಿಮುಕಿಸಿಕೊಂಡು ಬರುವುದು ಅವರ ಆಸೆ.

ಹೊಳೆಗೆ ಇಳಿಯುವ ಮೆಟ್ಟಿಲುಗಳ ಒಂದು ಕಡೆ ಮೂರ್ನಾಲ್ಕು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಇವರು ಚಪ್ಪಲಿ ನನ್ನ ಕಡೆ ಬಿಟ್ಟು, ಪ್ಯಾಂಟು ಮೊಳಕಾಲಿಗೆ ಮಡಚಿ, ಕೊನೆಯ ಮೆಟ್ಟಿಲಿನಿಂದ ನೀರಿಗೆ ಇಳಿದರು. ನಾನು ಮೇಲೆ ನಿಂತು, ಹಸಿ ಮಣ್ಣಿನ, ನಿಂತ ನೀರಿನ ವಾಸನೆಯ ನಡುವೆ ಹೊಳೆ ನೋಡುತ್ತಿದ್ದೆ. ಸ್ವಲ್ಪ ದೂರ ನೀರಿನಲ್ಲಿ ಒಂದು ಕರಿಯ ಬಂಡೆ ಇತ್ತು. ಅದರಾಚೆ ಬೆಳ್ಳಕ್ಕಿಗಳು. ಅವನ್ನು ನೋಡಿ ಮತ್ತೆ ಬಂಡೆಯ ಕಡೆ ತಿರುಗಿದೆ. ಬಂಡೆ ಇದ್ದಲ್ಲಿ ಬಂಡೆ ಇರಲಿಲ್ಲ.

ಅಷ್ಟರಲ್ಲಿ ಹೆಂಗಸರಲ್ಲಿ ಹಿರಿಯಳೊಬ್ಬಳು, ಕೂಗದೆ, ಪಕ್ಕದ ಮನೆಯವಳಿಗೆ ಹೇಳುವಂತೆ ಹೇಳಿದಳು: “ಸಾಹೇಬ್ರು ಬಂದಾರ. ಮ್ಯಾಲ ಬರ್ರಿ.”

ಉಳಿದವರು ಬಟ್ಟೆ ಬಾಚಿಕೊಂಡು ಸದ್ದಿಲ್ಲದೆ ಮೇಲೇರಿದರು. ನಮ್ಮ ಮನೆಯವರು ಏರಲಿಲ್ಲ. ಬಗ್ಗಿ ಮುಖ ತೊಳೆಯುತ್ತಿದ್ದವರು ಥಟ್ಟನೆ ನೆಟ್ಟಗೆ ನಿಂತರು. ಮಡಚಿದ್ದ ಅಂಗಿಯ ತೋಳನ್ನು ಇಳಿಸಿದರು, ಗುಂಡಿ ಹಾಕಿಕೊಂಡರು. ಹೊಳೆಗೆ ಬೆನ್ನು ಮಾಡಿ ಮೇಲಿನ ರಸ್ತೆಯ ಕಡೆ ನೋಡುತ್ತ, ನೀರಿನಲ್ಲಿ ಅಲುಗಾಡದೆ ನಿಂತುಬಿಟ್ಟರು. ಕಚೇರಿಯಲ್ಲಿ ಇಡೀ ಆಯುಷ್ಯ ಕಳೆದ ಮನುಷ್ಯ. ‘ಸಾಹೇಬ್ರು ಬಂದಾರ’ ಎಂಬ ಮಾತು ಕಿವಿಗೆ ಬಿದ್ದರೆ ಅವರ ಮೈಗೆ ಗೊತ್ತಿದ್ದದ್ದು ಅದೊಂದೇ.

ನನಗೆ ಆ ಮಾತಿನ ಅರ್ಥ ತಿಳಿಯಲಿಲ್ಲ. ಆದರೆ ಹೆಂಗಸರ ಕಣ್ಣು ರಸ್ತೆಯ ಕಡೆ ಇರಲಿಲ್ಲ, ನೀರಿನ ಕಡೆ ಇತ್ತು. ನಾನೂ ನೋಡಿದೆ. ಅವರ ಬೆನ್ನ ಹಿಂದೆ ನೀರಿನ ಮೇಲೆ ಎರಡು ಗಂಟುಗಳು. ಗಂಟುಗಳಲ್ಲ, ಕಣ್ಣುಗಳು. ಅವು ಬರುತ್ತಿದ್ದವು, ಅಲೆಯಿಲ್ಲದೆ, ಗಡಿಬಿಡಿಯಿಲ್ಲದೆ. ಕೊನೆಯ ಬೆಂಚಿನವರೆಗೆ ಕೇಳುವ ಧ್ವನಿ ನನ್ನದು ಎಂದು ಶಾಲೆಯಲ್ಲಿ ಹೆಸರಿತ್ತು. ಅದು ಹೊರಡಲೇ ಇಲ್ಲ. ಆ ಹೊತ್ತಿಗೆ ತಲೆಗೆ ಬಂದದ್ದು ದೇವರ ಹೆಸರೂ ಅಲ್ಲ. ‘ಸರೀಸೃಪಗಳಲ್ಲಿ ಮೊಸಳೆಯ ಹೃದಯಕ್ಕೆ ಮಾತ್ರ ನಾಲ್ಕು ಕೋಣೆಗಳಿರುತ್ತವೆ’ ಎಂಬ ವಾಕ್ಯ. ಪ್ರತಿ ವರ್ಷ ಹಲಗೆಯ ಮೇಲೆ ಬರೆಸುತ್ತಿದ್ದೆ. ಗಂಡ ನೀರಿನಲ್ಲಿ ನಿಂತಿದ್ದಾರೆ, ಹೆಂಡತಿ ಕೋಣೆ ಎಣಿಸುತ್ತಿದ್ದಾಳೆ.

ಆ ಹಿರಿಯ ಹೆಂಗಸು ತನ್ನ ಕೈಯಲ್ಲಿದ್ದ ಹಸಿ ಸೀರೆಯ ಒಂದು ತುದಿಯನ್ನು ಇವರ ಕಡೆ ಬೀಸಿ ಎಸೆದಳು. “ಹಿಡೀರಿ! ಗಟ್ಟಿ ಹಿಡೀರಿ!”

ಇವರು ಹಿಡಿದರು. ಯಾಕೆ ಹಿಡಿದರು ಎಂಬುದನ್ನು ಆಮೇಲೆ ಅವರೇ ಹೇಳಿದ್ದು. ಸೀರೆ ಹಿಂಡಲು ಇನ್ನೊಂದು ಕೈ ಬೇಕಾಗಿದೆ, ಮುದುಕಿ ಕರೆಯುತ್ತಿದ್ದಾಳೆ, ಇಲ್ಲ ಎನ್ನುವುದು ಹೇಗೆ ಎಂದು! ಹಿಂಡಲು ಒಂದು ತಿರುವು ಕೂಡ ಕೊಟ್ಟರಂತೆ. ಅವಳು ಮತ್ತು ಇನ್ನೊಬ್ಬಳು ಸೇರಿ ಜಗ್ಗಿದರು. ಇವರು ಮೊಳಕಾಲು ತರಚಿಕೊಂಡು ಮೆಟ್ಟಿಲ ಮೇಲೆ ಬಂದು ಬಿದ್ದರು. ಹಿಂದೆ ನೀರು ಬಾಯಿ ತೆರೆಯಿತು. ನಾನು ನೋಡಿದ್ದನ್ನು ಹೇಗೆ ಹೇಳಲಿ? ಒಳಗಡೆ ಹಳದಿ ಇತ್ತು. ಹಲ್ಲು ಆಮೇಲೆ ಕಂಡವು. ಅದು ಮುಚ್ಚಿದ ಸದ್ದು ಕೇಳಿತು. ನೀರು ಮುಚ್ಚಿಕೊಂಡಿತು.

ಇವರು ಎದ್ದು, ತಿರುಗಿ ಹೊಳೆ ನೋಡಿದರು. ನೊರೆ ಬಿಟ್ಟರೆ ಏನೂ ಇಲ್ಲ. ಮತ್ತೆ ರಸ್ತೆಯ ಕಡೆ ನೋಡಿ ಕೇಳಿದರು: “ಎಲ್ಲಿ ಅದ ಜೀಪು?”

ಹಿರಿಯಳು ತಲೆ ಮೇಲೆ ಕೈ ಹೊತ್ತು ಕೂತಳು. “ಯಪ್ಪಾ, ಜೀಪಿನ ಸಾಹೇಬ್ರಲ್ರೀ! ನೀರಿನ ಸಾಹೇಬ್ರು!”

ಆ ದಂಡೆಯಲ್ಲಿ ಮೊಸಳೆಯ ಹೆಸರು ಹಿಡಿಯುವುದಿಲ್ಲವಂತೆ. “ಹೆಸರ ಹಿಡದ್ರ ಕರದಂಗ ಆಗ್ತದ ಯವ್ವಾ,” ಎಂದು ಆಕೆ ನನಗೆ ತಿಳಿಸಿ ಹೇಳಿದಳು. ಸಾಹೇಬ್ರು ಅಂತ ಯಾಕೆ ಎಂದು ಇವರು ಕೇಳಿದ್ದಕ್ಕೆ, “ಯಾವಾಗ ಬರ್ತಾರ ಗೊತ್ತಾಗಂಗಿಲ್ಲ. ಬಂದ್ರ ಖಾಲಿ ಕೈಲೆ ಹೋಗಂಗಿಲ್ಲ,” ಎಂದಳು. ಆಮೇಲೆ ಸೀರೆ ಬಿಡಿಸಿ ನೋಡಿ, “ಸೆರಗು ಹರದ್ರಲ್ರೀ! ಅಷ್ಟ್ ಯಾಕ ತಿರುವಿದ್ರಿ?” ಎಂದು ಬೈದಳು. ಇವರು ನಕ್ಕರು. ಆಕೆಯೂ ನಕ್ಕಳು. ಎಲ್ಲರೂ ನಕ್ಕರು. ನಾನು ಅವರ ಚಪ್ಪಲಿಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದೆ.

ಮರಳುವ ಬಸ್ಸಿನಲ್ಲಿ ಎಂದಿನಂತೆ ಕಾಲು ಮಡಚಿಕೊಂಡು ಅವರು ಕೇಳಿದರು: “ಇವತ್ತಿಂದು ಯಾವುದು?”

ನಾನು ಕಿಟಕಿಯ ಕಡೆ ತಿರುಗಿದೆ. “ನಂದು ಆ ಎಮ್ಮಿ,” ಎಂದರು ಅವರು.

ಆಗ ನನಗೆ ತಿಳಿಯಿತು. ಇವರು ಏನನ್ನೂ ನೋಡಿಲ್ಲ. ರಸ್ತೆ ನೋಡಿದ್ದಾರೆ, ಸೀರೆ ನೋಡಿದ್ದಾರೆ, ನೊರೆ ನೋಡಿದ್ದಾರೆ. ತಮ್ಮ ಬೆನ್ನ ಹಿಂದೆ ಬಂದದ್ದನ್ನು ನೋಡಿಲ್ಲ. ಅಷ್ಟು ವರ್ಷ ಎಲ್ಲವನ್ನೂ ಕೂಡಿ ನೋಡಿದವರು ನಾವು. ಇದೊಂದನ್ನು ನಾನೊಬ್ಬಳೇ ನೋಡಿಬಿಟ್ಟಿದ್ದೆ.

ಆಮೇಲಿನ ದಿನಗಳಲ್ಲಿ ಅದು ಅವರ ಬಾಯಲ್ಲಿ ಕತೆಯಾಯಿತು. ಚೆನ್ನಾಗಿ ಹೇಳುತ್ತಿದ್ದರು ಎನ್ನದೆ ವಿಧಿಯಿಲ್ಲ. ಎದ್ದು ನಿಂತು ಗುಂಡಿ ಹಾಕಿಕೊಂಡು ತೋರಿಸುವರು, ಇಲ್ಲದ ಸೀರೆ ತಿರುವುವರು. “ಎಲ್ಲಿ ಅದ ಜೀಪು?” ಎನ್ನುವಷ್ಟರಲ್ಲಿ ಕೇಳುವವರು ಹೊಟ್ಟೆ ಹಿಡಿದುಕೊಂಡಿರುತ್ತಿದ್ದರು. ಹಳೆಯ ಕಚೇರಿಯವರು ಬಂದರೆ ಅದೇ ಕತೆ, ನೆಂಟರು ಬಂದರೆ ಅದೇ ಕತೆ. ನಾನು ಚಹಾದ ನೆಪ ಮಾಡಿ ಒಳಗೆ ಹೋಗುತ್ತಿದ್ದೆ. ಸಕ್ಕರೆ ಡಬ್ಬಿಯ ಮುಂದೆ ನಿಂತು, ಹೊರಗಡೆ ನಗೆ ಏಳುವುದನ್ನು ಕಾಯುತ್ತಿದ್ದೆ. ಅವರು ನಗಿಸುತ್ತಿದ್ದ ಆ ಕ್ಷಣವನ್ನೇ ನಾನು ದಿನವೂ ಮತ್ತೆ ಮತ್ತೆ ನೋಡುತ್ತಿದ್ದೆ. ಅದರಲ್ಲಿ ಒಮ್ಮೊಮ್ಮೆ ಸೀರೆ ಅವರ ಕೈವರೆಗೆ ಮುಟ್ಟುತ್ತಿರಲಿಲ್ಲ.

ಅವರು ಸ್ನಾನಕ್ಕೆ ಹೋದಾಗ ಬಚ್ಚಲಿನಲ್ಲಿ ನೀರಿನ ಸದ್ದು ನಿಂತರೆ ಬಾಗಿಲು ಬಡಿದು ಕೇಳುತ್ತಿದ್ದೆ. ಊರು ನೋಡುವುದನ್ನು ಬಿಟ್ಟುಬಿಟ್ಟೆ. ಮೊಳಕಾಲು ನೋವು ಎಂದೆ, ಬಿಸಿಲು ಎಂದೆ. ಅವರು ಕೊನೆಗೆ ಕೇಳಿದರು, “ಆ ಕತಿಗೆ ನೀ ಯಾಕ ನಗಂಗಿಲ್ಲ?”

“ನೀವು ನೋಡಿಲ್ಲ,” ಎಂದೆ.

“ಮೊಸಳಿ ನೋಡಿಲ್ಲೇನು? ಎಷ್ಟ್ ಅಜಬಖಾನ್ಯಾಗ ನೋಡೀವಿ. ಬಿಸಲಿಗೆ ಬಿದ್ಕೊಂಡಿರ್ತಾವ, ಪೆನ್ಷನ್ ಆದವರಂಗ.”

ವಿವರಿಸುವುದೇ ನನ್ನ ಕಸುಬು. ಅಂಥವಳಿಗೆ ಇದನ್ನು ವಿವರಿಸಲು ಬರಲಿಲ್ಲ. ಹಳದಿ ಎಂದರೆ ಎಷ್ಟು ಹಳದಿ? ಹತ್ತಿರ ಎಂದರೆ ಎಷ್ಟು ಹತ್ತಿರ? ಹೇಳಿದರೆ ಅವರೂ ನನ್ನಂತೆ ಹೆದರಿಯಾರು ಎಂಬ ಅಳುಕು ಒಂದು ಕಡೆ. ಹೇಳದಿದ್ದರೆ ನಾನೊಬ್ಬಳೇ ಆ ಮೆಟ್ಟಿಲ ಮೇಲೆ ನಿಂತೇ ಇರುತ್ತೇನೆ ಎಂಬ ಸಂಕಟ ಇನ್ನೊಂದು ಕಡೆ.

ಮುಂದಿನ ಚಳಿಗಾಲದಲ್ಲಿ ಅವರ ಕಣ್ಣು ತೋರಿಸಲು ಹೈದರಾಬಾದಿಗೆ ಹೋದೆವು. ಡಾಕ್ಟರು ಬರೀ ಚಷ್ಮಾ ಬದಲಿಸಿ ಎಂದರು. ಹೊರಗೆ ಬಂದ ಮೇಲೆ ನಾನೇ ಹೇಳಿದೆ: “ಪ್ರಾಣಿ ನೋಡಾಕ ಹೋಗೋಣ ಬರ್ರಿ.” ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಎಷ್ಟು ದಿನ ಬೇಡಿಕೊಳ್ಳದೆ ಕಾದಿದ್ದರೋ.

ಜಿರಾಫೆಯ ಕಡೆ ಹೊರಟವರನ್ನು ನಾನು ನೇರವಾಗಿ ಮೊಸಳೆಗಳ ಕೊಳಕ್ಕೆ ಕರೆದೊಯ್ದೆ. ಕಂಬಿಯ ಆಚೆ ಆಳದಲ್ಲಿ ನೀರು, ನೀರಿನ ಅಂಚಿನಲ್ಲಿ ಒಂದು ಮೊಸಳೆ. ಬಂದವರೆಲ್ಲ ಒಂದು ಕ್ಷಣ ನೋಡಿ, ಏನೂ ಆಗದ್ದರಿಂದ ಬೇಸತ್ತು ಮುಂದೆ ಹೋಗುತ್ತಿದ್ದರು. ಇವರೂ, “ಸಿಮೆಂಟಿಂದು ಇರ್ಬೇಕು, ನಡಿ,” ಎಂದರು. “ನಿಂದರ್ರಿ,” ಎಂದೆ. ನಿಂತರು. ಬಹಳ ಹೊತ್ತು ನಿಂತೆವು. ಒಂದು ಬೆಳ್ಳಕ್ಕಿ ಬಂದು ನೀರಿನ ಅಂಚಿನಲ್ಲಿ ಕೂತಿತು. ಕಾಲೆತ್ತಿತು, ಇಟ್ಟಿತು. ಇವರು ಏನೋ ಹೇಳಲು ನನ್ನ ಕಡೆ ತಿರುಗುವುದರಲ್ಲಿದ್ದರು. “ನನ್ನ ನೋಡಬ್ಯಾಡ್ರಿ. ಅದನ್ನ ನೋಡ್ರಿ,” ಎಂದೆ.

ಸಿಮೆಂಟು ಹಾರಿತು. ಅಷ್ಟೇ. ಬೆಳ್ಳಕ್ಕಿ ಮೇಲಕ್ಕೆ ಹೋದದ್ದು ನಮಗೆ ಆಮೇಲೆ ಕಂಡಿತು. ಮೊದಲು ಕಂಡದ್ದು ತೆರೆದ ಬಾಯಿ, ಆ ಹಳದಿ. ದೊಡ್ಡ ಸಂದೂಕದ ಮುಚ್ಚಳ ಬಿದ್ದಂಥ ಸದ್ದು. ಆಮೇಲೆ ಮೊದಲಿನಂತೆ ಎಲ್ಲ ಸಿಮೆಂಟು.

ಅವರು ಕಂಬಿ ಹಿಡಿದುಕೊಂಡಿದ್ದರು. ಹೊಸ ಚಷ್ಮಾದ ಚೀಟಿ ಜೇಬಿನಿಂದ ಬಿದ್ದದ್ದೂ ಗೊತ್ತಾಗಲಿಲ್ಲ. ಆಮೇಲೆ, ಎಂದೂ ಕೇಳದಿದ್ದದ್ದನ್ನು ಕೇಳಿದರು.

“ಅವತ್ತು ನನ್ನಿಂದ ಎಷ್ಟ್ ದೂರ ಇತ್ತದು?”

ಒಂದು ವರ್ಷದಿಂದ ಈ ಪ್ರಶ್ನೆಗಾಗಿ ಕಾದಿದ್ದೆ. ಈಗ ಕೇಳಿದ ಮೇಲೆ, ‘ದೂರ ಇತ್ತು ಬಿಡ್ರಿ’ ಎಂದುಬಿಡೋಣ ಎನ್ನಿಸಿತು. ಬಾಯಿಗೂ ಬಂತು. ಆದರೆ ಅವರ ಮುಖದಲ್ಲಿ ಕೇಳುವವರ ಧೈರ್ಯ ಕಂಡಿತು. ನಾನು ಅವರ ಬೆನ್ನ ಹಿಂದೆ ಹೋಗಿ ನಿಂತೆ. ಕೈ ಚಾಚಿದರೆ ಅಂಗಿ ಸಿಗುತ್ತಿತ್ತು.

“ಇಲ್ಲಿ,” ಎಂದೆ.

ಅವರು ತಿರುಗಿ ನೋಡಿದರು. ನಾನು ನಿಂತ ಜಾಗವನ್ನು ನೋಡಿದರು, ತಮ್ಮ ಕಾಲು ನೋಡಿಕೊಂಡರು. ಮತ್ತೆ ನನ್ನನ್ನು ನೋಡಿದರು. “ಇಷ್ಟ್ ದಿನ ನೀ ಇದನ್ನ ಒಬ್ಬಾಕಿನೇ…” ಎಂದು ಶುರು ಮಾಡಿ ಮುಗಿಸಲಿಲ್ಲ. ಕೊನೆಗೆ, ಸ್ವಲ್ಪವೂ ನಗದೆ, ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು: “ನಾ ಜೀಪು ಹುಡುಕಾಕತ್ತಿದ್ದೆ.”

ನನಗೆ ನಗು ಬಂದುಬಿಟ್ಟಿತು. ಎಲ್ಲಿತ್ತೋ ಅಷ್ಟು ನಗು, ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ. ನೀರಿನಲ್ಲಿ ಅಟೆನ್ಷನ್ ನಿಂತ ಆ ಮನುಷ್ಯನನ್ನು, ಅವನು ಹಾಕಿಕೊಂಡ ಆ ಗುಂಡಿಯನ್ನು ನಾನು ಅವತ್ತೇ ಮೊದಲು ಸರಿಯಾಗಿ ಕಂಡದ್ದು. ಅವರು ಮಾತ್ರ ನಗಲಿಲ್ಲ. ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂಡ್ರಿಸಿದರು. ಹೋಗುವವರು ಬರುವವರು, ಈ ಮುದುಕಿಗೆ ಮೊಸಳೆಯಲ್ಲಿ ನಗುವಂಥದ್ದು ಏನು ಕಂಡಿತೋ ಎಂದು ಕೊಳದೊಳಗೆ ಇಣುಕಿ ನೋಡುತ್ತಿದ್ದರು.

ಅದಾದ ಮೇಲೆ ಹೆದರಿಕೆ ಹೋಯಿತೇ ಎಂದು ಕೇಳುತ್ತೀರೇನೋ. ಹೋಗಿಲ್ಲ. ಇವತ್ತು ಬೆಳಿಗ್ಗೆ ಸೌಟು ಹಿಡಿದು ಓಡಿದ್ದನ್ನು ನೀವೇ ಕಂಡಿರಲ್ಲ. ಆದರೆ ಸೌಟಿನ ನಗೆ ಮುಗಿಸಿ ಅವರು ಬಕೆಟ್ಟು ಕೆಳಗಿಟ್ಟರು, “ಬಾ, ನೀನೂ ನೋಡು, ಒಳಗ ಏನಿಲ್ಲ,” ಎಂದು ಕೂಲರಿನ ಬಾಗಿಲು ತೆಗೆದು ತೋರಿಸಿದರು. ಇಬ್ಬರೂ ಬಗ್ಗಿ ನೋಡಿದೆವು.

ಇಷ್ಟು ಬರೆಯುವ ಹೊತ್ತಿಗೆ ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಗಂಡಹೆಂಡತಿ ಪರಿಚಯ ಮಾಡಿಕೊಳ್ಳಲು ಬಂದರು. ಆತ ದೇವದುರ್ಗದ ಬಸ್ಸಿನಲ್ಲಿ ದಿನಾ ಓಡಾಡುವವನಂತೆ. ಕೇಳಬೇಕೇ? ಕತೆ ಶುರುವಾಯಿತು. ನಾನು ಚಹಾ ಕಾಸಲು ಒಳಗೆ ಹೋಗಿದ್ದೆ. ಹೊಳೆ ಬಂತು, ಮೆಟ್ಟಿಲು ಬಂತು, ಸಾಹೇಬರು ಬಂದರು, ಗುಂಡಿ ಹಾಕಿದ್ದಾಯಿತು. ಅಲ್ಲಿಗೆ ಅವರ ಧ್ವನಿ ನಿಂತಿತು.

“ಮುಂದ ಏನಾತ್ರೀ?” ಎಂದು ಆ ಹುಡುಗಿ ಕೇಳಿದಳು.

“ತಡೀವಾ, ಇಕಿ ಬರ್ಲಿ,” ಎಂದರು ನಮ್ಮ ಮನೆಯವರು. “ಮುಂದಿಂದು ಇಕೀನೇ ಹೇಳ್ಬೇಕು. ನಾ ಆ ಕಡಿ ನೋಡಿಲ್ಲ.”

ನಾನು ಒಲೆ ಆರಿಸಿ ಹೊರಗೆ ಬಂದೆ.